ಗಾಜು ಹೊತ್ತ ಒಂಟೆ

ಕುವೈತ್ ಎಂದೊಡನೆ ನಮ್ಮ ಕರಾವಳಿಯ ಮುಸ್ಲಿಮ್ ಮನೆಗಳಲ್ಲಿ ನೆನಪಾಗುವುದು ದಿನಾರ್, ವೀಸಾ ಮತ್ತು ಎರಡು ವರ್ಷಕ್ಕೊಮ್ಮೆ ಸಿಗುವ ರಜೆ. ಮಗ ಅಲ್ಲಿದ್ದಾನೆ, ಅಳಿಯ ಅಲ್ಲಿದ್ದಾನೆ ಎನ್ನುತ್ತೇವೆ. ಆ ಊರು ಹೇಗಿದೆ ಎಂದು ಕೇಳಿದರೆ ‘ಬಿಸಿಲು’ ಎಂದು ಹೇಳಿ ಸುಮ್ಮನಾಗುತ್ತೇವೆ. ಆದರೆ ಎಣ್ಣೆ ಸಿಗುವುದಕ್ಕೆ ಮೊದಲೂ ನಮಗೂ ಕುವೈತಿಗೂ ನಂಟಿತ್ತು. ಅಲ್ಲಿನ ಹಾಯಿ ಹಡಗುಗಳು ಖರ್ಜೂರ ಹೊತ್ತು ನಮ್ಮ ಪಶ್ಚಿಮ ಕರಾವಳಿಗೆ ಬಂದು, ಮಲಬಾರಿನ ಮರ ಹೇರಿಕೊಂಡು ಹೋಗುತ್ತಿದ್ದವು. 1961ರಲ್ಲಿ ಕುವೈತ್ ತನ್ನದೇ ದಿನಾರ್ ತರುವವರೆಗೂ ಅಲ್ಲಿನ ಅಂಗಡಿಗಳಲ್ಲಿ ಓಡಾಡುತ್ತಿದ್ದುದು ರೂಪಾಯಿಯೇ.

2018ರ ಏಪ್ರಿಲ್ ರಜೆಯಲ್ಲಿ ತಮ್ಮನ ಮನೆಗೆಂದು ನಾನು ಕುವೈತಿಗೆ ಹೋಗಿದ್ದೆ. ಹತ್ತು ದಿನಗಳಲ್ಲಿ ಕುವೈತ್ ಟವರ್ಸ್, ದೊಡ್ಡ ಮಸೀದಿ, ಸಮುದ್ರ ದಂಡೆಯ ಗಲ್ಫ್ ರಸ್ತೆ ಎಲ್ಲವನ್ನೂ ಕಂಡೆ. ಆದರೆ ಓದುಗ ಸಹೋದರಿಯರಿಗೆ ಹೇಳಬೇಕೆನಿಸುವುದು ಆ ಎತ್ತರದ ಕಟ್ಟಡಗಳ ಬಗ್ಗೆಯಲ್ಲ. ಅಂಗೈಯಲ್ಲಿ ಹಿಡಿಯಬಹುದಾದ ಒಂದು ಗಾಜಿನ ಸೀಸೆಯ ಬಗ್ಗೆ.

ಮುಬಾರಕಿಯ್ಯಾದ ಅತ್ತರಿನ ಗಲ್ಲಿ

ಸೂಕ್ ಅಲ್ ಮುಬಾರಕಿಯ್ಯಾ ಕುವೈತಿನ ಹಳೆಯ ಪೇಟೆ. 1896ರಿಂದ 1915ರವರೆಗೆ ಆಳಿದ ಶೇಖ್ ಮುಬಾರಕ್ ಅವರ ಹೆಸರು ಹೊತ್ತಿದೆ. 2022ರ ಮಾರ್ಚ್ ತಿಂಗಳಲ್ಲಿ ಬೆಂಕಿ ಬಿದ್ದು ಅದರ ಒಂದು ಭಾಗ ಸುಟ್ಟುಹೋದ ಸುದ್ದಿಯನ್ನು ನೀವೂ ಓದಿರಬಹುದು. ನಾನು ಹೋದಾಗ ಆ ಪೇಟೆ ತುಂಬಿ ತುಳುಕುತ್ತಿತ್ತು. ಖರ್ಜೂರ, ಒಣಮೀನು, ಕೇಸರಿ, ಚಿನ್ನ, ಬುರ್ಖಾ ಎಲ್ಲ ದಾಟಿ ಹೋದರೆ ಅತ್ತರು ಮತ್ತು ಊದ್ ಮಾರುವ ಅಂಗಡಿಗಳು. ಅಂಗಡಿಯಾತ ಗಾಜಿನ ಕಡ್ಡಿಯನ್ನು ಸೀಸೆಯಲ್ಲಿ ಅದ್ದಿ ಕೈಯ ಹಿಂಬದಿಗೆ ಸವರುತ್ತಿದ್ದ. ಸಂಜೆಯಾದರೂ ಆ ಪರಿಮಳ ಹೋಗಲಿಲ್ಲ.

ಒಂದು ಅಂಗಡಿಯ ಕಪಾಟಿನಲ್ಲಿ ಒಂಟೆ, ಕುದುರೆ, ಹಕ್ಕಿಗಳ ಆಕಾರದ ಪುಟ್ಟ ಸೀಸೆಗಳಿದ್ದವು. ಎಲ್ಲವೂ ಈಗಿನ ಕಾರ್ಖಾನೆಯ ಮಾಲು. ತಮ್ಮನ ಮಗಳಿಗೆ ಆಗ ಹತ್ತು ವರ್ಷ. ಅದನ್ನು ಕಂಡು, ‘ಮಾಮೀ, ಹಿಂದಿನ ಕಾಲದವರೂ ಇಂಥದ್ದು ಇಟ್ಟುಕೊಳ್ಳುತ್ತಿದ್ದರಾ?’ ಎಂದು ಕೇಳಿದಳು. ಮಕ್ಕಳ ಪ್ರಶ್ನೆಗೆ ಹಾರಿಕೆಯ ಉತ್ತರ ಕೊಡಬಾರದೆಂಬುದು ಮೇಷ್ಟ್ರಗಿರಿಯಲ್ಲಿ ನಾನು ಕಲಿತ ಪಾಠ. ‘ನೋಡಿ ಹೇಳುತ್ತೇನೆ’ ಎಂದೆ. ಆ ಉತ್ತರ ಹುಡುಕುತ್ತಾ ನಾವು ಮರುದಿನ ಹೋದದ್ದು ಒಂದು ಹಳೆಯ ಆಸ್ಪತ್ರೆಗೆ!

ಆಸ್ಪತ್ರೆಯಲ್ಲಿ ಅಮೂಲ್ಯ ನಿಧಿ

ಗಲ್ಫ್ ರಸ್ತೆಯಲ್ಲಿ ಸಮುದ್ರಕ್ಕೆ ಮುಖಮಾಡಿ ನಿಂತಿರುವ ‘ಅಮ್ರಿಕಾನಿ’ ಎಂಬ ಕಟ್ಟಡ ಒಂದು ಕಾಲದಲ್ಲಿ ಅಮೆರಿಕನ್ ಮಿಷನ್ ಆಸ್ಪತ್ರೆಯಾಗಿತ್ತು. ಆ ಮಿಷನ್ನಿನ ಎಲೀನರ್ ಕಾಲ್ವರ್ಲಿ ಎಂಬ ವೈದ್ಯೆ 1912ರಲ್ಲಿ ಕುವೈತಿಗೆ ಬಂದರು. ಪರದೆಯೊಳಗಿನ ಹೆಣ್ಣುಮಕ್ಕಳಿಗೆ ಓದಿದ ವೈದ್ಯೆಯೊಬ್ಬರು ಸಿಕ್ಕಿದ್ದು ಆಗಲೇ. 1967ರಲ್ಲಿ ಆಸ್ಪತ್ರೆ ಮುಚ್ಚಿತು. ಮುಂದೆ ಸರಕಾರ ಅದನ್ನು ದುರಸ್ತಿ ಮಾಡಿ, 2011ರಲ್ಲಿ ಸಾಂಸ್ಕೃತಿಕ ಕೇಂದ್ರವಾಗಿ ತೆರೆಯಿತು. ಇದು ‘ದಾರುಲ್ ಆಸಾರಿಲ್ ಇಸ್ಲಾಮಿಯ್ಯಾ’ ಎಂಬ ಸಂಸ್ಥೆಯ ಕೇಂದ್ರ. ಇಸ್ಲಾಮೀ ಪರಂಪರೆಯ ಕುರುಹುಗಳ ಮನೆ ಎಂದು ಆ ಹೆಸರಿನ ಅರ್ಥ.

ಆ ಮನೆ ಹುಟ್ಟಿದ್ದು ಒಂದು ಗಾಜಿನ ಸೀಸೆಯಿಂದ ಎಂದರೆ ಅಚ್ಚರಿಯಾದೀತು. ಕುವೈತಿನ ರಾಜಮನೆತನದ ಶೇಖ್ ನಾಸಿರ್ ಸಬಾಹ್ ಅಲ್ ಅಹ್ಮದ್ ಅವರು 1975ರಲ್ಲಿ ಲಂಡನ್ನಿನಲ್ಲಿ 14ನೇ ಶತಮಾನದ ಒಂದು ಸೀಸೆ ಕೊಂಡರು. ಮಮ್ಲೂಕ್ ಸುಲ್ತಾನರ ಕಾಲದ, ಬಣ್ಣದ ಮಿನುಗು ಲೇಪಿಸಿದ ಸೀಸೆ ಅದು. ಒಂದರ ಹಿಂದೆ ಒಂದು ಬಂದವು. ಗಾಜು, ಪಿಂಗಾಣಿ, ಆಭರಣ, ಹಸ್ತಪ್ರತಿ, ಜಮಖಾನ ಎಂದು ಸಂಗ್ರಹ ಸಾವಿರಾರು ವಸ್ತುಗಳಿಗೆ ಬೆಳೆಯಿತು. ಅದನ್ನು ಬೀಗ ಹಾಕಿ ಮನೆಯಲ್ಲಿಟ್ಟುಕೊಳ್ಳದೆ ದೇಶದ ಜನ ನೋಡಲೆಂದು 1983ರಲ್ಲಿ ಕುವೈತ್ ರಾಷ್ಟ್ರೀಯ ವಸ್ತು ಸಂಗ್ರಹಾಲಯದಲ್ಲಿ ಇಟ್ಟರು. ಆಗ ರೂಪುಗೊಂಡ ದಾರುಲ್ ಆಸಾರಿನ ಹೊಣೆ ಹೊತ್ತವರು ಅವರ ಪತ್ನಿ ಶೇಖಾ ಹುಸ್ಸಾ ಸಬಾಹ್ ಅಲ್ ಸಾಲಿಮ್. ಶೇಖ್ ನಾಸಿರ್ 2020ರ ಡಿಸೆಂಬರಿನಲ್ಲಿ ನಿಧನರಾದರು.

ಅಮ್ರಿಕಾನಿಯಲ್ಲಿ ನಾನು ಮಗುವಿನ ಪ್ರಶ್ನೆಯನ್ನೇ ಮುಂದಿಟ್ಟೆ. ಅಲ್ಲಿದ್ದ ಹೆಣ್ಣುಮಗಳೊಬ್ಬಳು ನಕ್ಕು, ಇಸ್ಲಾಮೀ ನಾಡುಗಳ ಗಾಜಿನ ಬಗ್ಗೆ ಇರುವ ಪುಸ್ತಕಗಳನ್ನು ತಂದು ಮೇಜಿನ ಮೇಲಿಟ್ಟಳು. ಈ ಸಂಗ್ರಹದ ಗಾಜಿನ ಬಗ್ಗೆಯೇ ಸ್ಟೆಫಾನೊ ಕಾರ್ಬೋನಿ ಎಂಬ ವಿದ್ವಾಂಸರು 2001ರಲ್ಲಿ ದೊಡ್ಡ ಗ್ರಂಥವೊಂದನ್ನು ಪ್ರಕಟಿಸಿದ್ದಾರೆ. ಅದೇ ವರ್ಷ ಅಮೆರಿಕದ ಕಾರ್ನಿಂಗ್ ಗಾಜಿನ ವಸ್ತು ಸಂಗ್ರಹಾಲಯದಲ್ಲಿ ‘ಸುಲ್ತಾನರ ಗಾಜು’ ಎಂಬ ಪ್ರದರ್ಶನ ಏರ್ಪಟ್ಟು, ಅದರ ಪುಸ್ತಕವೂ ಬಂದಿದೆ. ಪುಟ ಮಗುಚುತ್ತಾ ಹೋದಂತೆ ಉತ್ತರ ಸಿಕ್ಕಿತು. ಹೌದು, ಹಿಂದಿನವರೂ ಇಟ್ಟುಕೊಳ್ಳುತ್ತಿದ್ದರು. ಒಂದು ಸಾವಿರದ ಇನ್ನೂರು ವರ್ಷಗಳಿಗೂ ಹಿಂದೆ!

ಬೆನ್ನ ಮೇಲೊಂದು ಸೀಸೆ

ಕ್ರಿ.ಶ. 7–8ನೇ ಶತಮಾನ. ಖುಲಫಾಉರ್ರಾಶಿದೀನರ ಕಾಲ ಮುಗಿದು ದಮಾಸ್ಕಸ್ಸಿನಲ್ಲಿ ಉಮವಿಗಳು ಆಳುತ್ತಿದ್ದ ಕಾಲ. ಆ ಸುಮಾರಿಗೆ ಸಿರಿಯಾ ಪ್ರದೇಶದ ಗಾಜಿನ ಕೆಲಸಗಾರರು ಒಂದು ವಿಶೇಷ ಬಗೆಯ ಸೀಸೆ ತಯಾರಿಸುತ್ತಿದ್ದರು. ನಾಲ್ಕು ಕಾಲಿನ ಒಂದು ಪುಟ್ಟ ಪ್ರಾಣಿ. ಅದರ ಬೆನ್ನ ಮೇಲೆ ಒಂದು ಪುಟ್ಟ ಸೀಸೆ. ಸೀಸೆಯ ಸುತ್ತ ಗಾಜಿನ ಎಳೆಗಳಿಂದಲೇ ಹೆಣೆದ ಪಂಜರ. ಎಲ್ಲ ಸೇರಿ ಹೆಚ್ಚೆಂದರೆ ಅರ್ಧ ಗೇಣು. ಕೆಲವದರಲ್ಲಿ ಪ್ರಾಣಿ ಒಂಟೆಯಂತೆ, ಕೆಲವದರಲ್ಲಿ ಕತ್ತೆಯಂತೆ ಅಥವಾ ಕುದುರೆಯಂತೆ ಕಾಣುತ್ತದೆ. ಸುಗಂಧ ತೈಲದಂಥ, ಹನಿ ಹನಿಯಾಗಿ ಬಳಸುವ ಬೆಲೆಬಾಳುವ ದ್ರವಕ್ಕಾಗಿ ಮಾಡಿದ್ದಿರಬೇಕು ಎಂದು ತಿಳಿದವರು ಹೇಳುತ್ತಾರೆ.

ಗಾಜನ್ನು ಕೊಳವೆಯಿಂದ ಊದಿ ಪಾತ್ರೆ ಮಾಡುವ ವಿದ್ಯೆ ಹುಟ್ಟಿದ್ದೇ ಸಿರಿಯಾ–ಫೆಲೆಸ್ತೀನ್ ಸೀಮೆಯಲ್ಲಿ, ಕ್ರಿಸ್ತಪೂರ್ವ 1ನೇ ಶತಮಾನದಲ್ಲಿ. ಮುಸ್ಲಿಮರು ಅಲ್ಲಿಗೆ ಬಂದಾಗ ಆ ಕುಲುಮೆಗಳನ್ನು ಆರಿಸಲಿಲ್ಲ. ತಂದೆಯಿಂದ ಮಗನಿಗೆ ಬಂದ ಕಸುಬು ಮುಂದುವರಿಯಿತು. ಈ ಪ್ರಾಣಿಯ ಸೀಸೆ ಆ ಕಸುಬಿನ ಕಷ್ಟದ ಪರೀಕ್ಷೆಗಳಲ್ಲಿ ಒಂದು. ಪ್ರಾಣಿಯ ಕಾಲು, ಕುತ್ತಿಗೆ, ಬಾಲ ಎಲ್ಲವನ್ನೂ ಕಾದು ಮೆತ್ತಗಾದ ಗಾಜಿನಿಂದ ಎಳೆದು ಅಂಟಿಸಬೇಕು. ಸೀಸೆಯ ಸುತ್ತ ದಾರದಂಥ ಗಾಜನ್ನು ಅಂಕುಡೊಂಕಾಗಿ ಬಿಡುತ್ತಾ ಪಂಜರ ಕಟ್ಟಬೇಕು. ಒಂದು ಕಡೆ ಕೆಲಸ ಮಾಡುವಷ್ಟರಲ್ಲಿ ಇನ್ನೊಂದು ಕಡೆ ತಣಿದರೆ ಕೂಡುವಲ್ಲೇ ಬಿರುಕು ಬಿಡುತ್ತದೆ. ಅದಕ್ಕಾಗಿ ಮತ್ತೆ ಮತ್ತೆ ಕುಲುಮೆಯ ಬಾಯಿಗೆ ಹಿಡಿಯಬೇಕು. ಹಾಗೆಂದು ಹೆಚ್ಚು ಕಾಯಿಸಿದರೆ ಇಡೀ ಒಂಟೆಯೇ ಕುಸಿದು ಮುದ್ದೆಯಾದೀತು! ಕೊನೆಗೆ ಒಲೆಯಲ್ಲಿಟ್ಟು ನಿಧಾನವಾಗಿ ತಣಿಸಬೇಕು. ಆತುರಪಟ್ಟರೆ ಅದು ತಾನಾಗಿಯೇ ಒಡೆಯುತ್ತದೆ.

ಇಷ್ಟು ಕಷ್ಟಪಟ್ಟು ಮಾಡಿದ್ದು ಉಳಿಯುವುದು ಇನ್ನೂ ಕಷ್ಟ. ಒಡೆದ ಗಾಜನ್ನು ಆ ಕಾಲದಲ್ಲಿ ಎಸೆಯುತ್ತಿರಲಿಲ್ಲ. ಕರಗಿಸಿ ಹೊಸ ಪಾತ್ರೆ ಮಾಡುತ್ತಿದ್ದರು. ಸುಮಾರು 1025ರಲ್ಲಿ ತುರ್ಕಿಯ ಸೆರ್ಚೆ ಲಿಮಾನಿ ಎಂಬಲ್ಲಿ ಮುಳುಗಿದ ಹಡಗೊಂದನ್ನು 1977ರಿಂದ 1979ರವರೆಗೆ ನೀರಿನಡಿಯಲ್ಲಿ ಶೋಧಿಸಿದಾಗ ಅದರಲ್ಲಿ ಸುಮಾರು ಮೂರು ಟನ್ ಗಾಜು ಸಿಕ್ಕಿತು. ಅದರ ಬಹುಪಾಲು ಕರಗಿಸಲೆಂದು ಒಯ್ಯುತ್ತಿದ್ದ ಗಾಜಿನ ಗಟ್ಟಿಗಳು ಮತ್ತು ಒಡೆದ ಚೂರುಗಳು. ಅವುಗಳಿಂದ ಜೋಡಿಸಿದ ಪಾತ್ರೆಗಳು ಬೋದ್ರುಮ್ ನಗರದ ವಸ್ತು ಸಂಗ್ರಹಾಲಯದಲ್ಲಿವೆ. ಹೀಗೆ ಬಹುಪಾಲು ಹಳೆಯ ಗಾಜು ಮತ್ತೆ ಕುಲುಮೆಗೇ ಹೋಗಿದೆ. ನಾಲ್ಕು ಸಪೂರ ಕಾಲುಗಳ ಮೇಲೆ ನಿಂತ ಈ ಪ್ರಾಣಿಗಳಲ್ಲಿ ಕೆಲವಾದರೂ ನಮ್ಮವರೆಗೆ ಬಂದಿವೆ ಎಂದರೆ, ದಾರಿಯುದ್ದಕ್ಕೂ ಯಾರೋ ಮೆಲ್ಲಗೆ ಹಿಡಿದು ಮೆಲ್ಲಗೆ ಇಟ್ಟಿದ್ದಾರೆ, ಅಥವಾ ಮಣ್ಣು ತನ್ನ ಮಡಿಲಲ್ಲಿ ಕಾಪಾಡಿದೆ ಎಂದೇ ಅರ್ಥ.

ಓ ಅಂಜಶಾ, ನಿಧಾನ!

ಆ ಚಿತ್ರದ ಮುಂದೆ ಕೂತಾಗ ಮದ್ರಸದಲ್ಲಿ ಓದಿದ ಒಂದು ಹದೀಸ್ ನೆನಪಾಯಿತು. ಬುಖಾರಿ, ಮುಸ್ಲಿಮ್ ಎರಡರಲ್ಲೂ ಅದರ ಉಲ್ಲೇಖವಿದೆ. ಒಂದು ಪ್ರಯಾಣದಲ್ಲಿ ಪ್ರವಾದಿವರ್ಯರ(ಸ) ಮನೆಯ ಮಹಿಳೆಯರು ಒಂಟೆಗಳ ಮೇಲೆ ಕುಳಿತಿದ್ದರು. ಒಂಟೆ ನಡೆಸುತ್ತಿದ್ದವರು ಅಂಜಶಾ(ರ). ಅವರದು ಇಂಪಾದ ಕಂಠ. ಅವರ ಹಾಡಿಗೆ ಒಂಟೆಗಳು ಹುರುಪಿನಿಂದ ವೇಗ ಹೆಚ್ಚಿಸಿದವು. ಆಗ ಪ್ರವಾದಿ(ಸ), ನಿಧಾನವಾಗಿ ನಡೆಸಲು ಅವರಿಗೆ ಹೇಳಿದರು. ಒಂಟೆಯ ಮೇಲಿದ್ದ ಮಹಿಳೆಯರನ್ನು ಅವರು(ಸ) ಕರೆದದ್ದು ‘ಕವಾರೀರ್’ ಎಂದು. ಅಂದರೆ ಗಾಜಿನ ಸೀಸೆಗಳು!

ಇದೇ ಪದವನ್ನು ನಾವು ಪವಿತ್ರ ಕುರ್‌ಆನಿನಲ್ಲಿ ಸಬಾದ ರಾಣಿ ಕಂಡ ಗಾಜಿನ ಅರಮನೆಯ ವರ್ಣನೆಯಲ್ಲೂ ಸ್ವರ್ಗದ ಪಾತ್ರೆಗಳ ವರ್ಣನೆಯಲ್ಲೂ ಓದುತ್ತೇವೆ. ಕೆಲವರು ಈ ಹದೀಸನ್ನು ಹೆಣ್ಣು ದುರ್ಬಲಳು ಎನ್ನಲು ಬಳಸುವುದುಂಟು. ಆದರೆ ಇಲ್ಲಿ ಪ್ರವಾದಿವರ್ಯರು(ಸ) ಸೂಚನೆ ಕೊಟ್ಟದ್ದು ಸೀಸೆಗಳಿಗಲ್ಲ, ಒಂಟೆ ನಡೆಸುವವನಿಗೆ. ನಿನ್ನ ವಶಕ್ಕೆ ಬಂದಿರುವುದು ಎಂಥದ್ದು ಎಂಬುದನ್ನು ಅರಿತು ಹೆಜ್ಜೆ ಇಡು ಎಂಬುದೇ ಅದರ ತಾತ್ಪರ್ಯ. ಬೆನ್ನ ಮೇಲೆ ಅಂಬಾರಿಯಂಥ ಪಂಜರ, ಅದರೊಳಗೆ ಗಾಜಿನ ಸೀಸೆ. ಅದನ್ನು ಮಾಡಿದ ಕೆಲಸಗಾರ ಈ ಹದೀಸ್ ಕೇಳಿದ್ದನೆಂದು ನಾನು ಹೇಳುತ್ತಿಲ್ಲ. ಆದರೆ ನನಗಂತೂ ಆ ಮಾತೇ ಕಣ್ಣ ಮುಂದೆ ನಿಂತಂತಾಯಿತು.

ಜೀವಿಗಳ ಆಕೃತಿ ಮನೆಯಲ್ಲಿಡಬಹುದೇ ಎಂಬ ಪ್ರಶ್ನೆ ಇಲ್ಲಿ ಬಂದೇ ಬರುತ್ತದೆ. ಅದರ ಕುರಿತು ವಿದ್ವಾಂಸರಲ್ಲಿ ವಿಸ್ತಾರವಾದ ಚರ್ಚೆಯಿದೆ. ಪೂರ್ಣ ಆಕೃತಿಯನ್ನು ಅಲಂಕಾರಕ್ಕೆ ಇಡಬಾರದೆಂದು ಬಹಳಷ್ಟು ಮಂದಿ ಹೇಳಿದ್ದಾರೆ. ಹಝ್ರತ್ ಆಯಿಶಾರ(ರ) ಬಳಿ ರೆಕ್ಕೆಯುಳ್ಳ ಆಟಿಕೆ ಕುದುರೆ ಇದ್ದುದನ್ನು ಕಂಡು ಪ್ರವಾದಿ(ಸ) ನಕ್ಕ ವಿಷಯ ಅಬೂದಾವೂದಿನಲ್ಲಿದೆ. ನಾನಿಲ್ಲಿ ಫತ್ವಾ ಕೊಡಲು ಹೊರಟಿಲ್ಲ. ನಿಮ್ಮ ಊರಿನ ವಿದ್ವಾಂಸರನ್ನು ಕೇಳಿ. ನಾನು ಹೇಳಬೇಕೆಂದಿರುವುದು ಇನ್ನೊಂದು ಪ್ರಶ್ನೆಯ ಬಗ್ಗೆ. ಅದನ್ನು ನಾವು ಕೇಳುವುದು ಬಹಳ ಕಡಿಮೆ.

ಆ ಏಳು ತಿಂಗಳು

1990ರ ಆಗಸ್ಟ್ 2ರಂದು ಇರಾಕಿನ ಸೇನೆ ಕುವೈತಿಗೆ ನುಗ್ಗಿದ್ದು ನಮ್ಮಲ್ಲಿ ಅನೇಕರಿಗೆ ನೆನಪಿದೆ. ಉಟ್ಟ ಬಟ್ಟೆಯಲ್ಲಿ ಊರಿಗೆ ಮರಳಿದವರು ಕರಾವಳಿಯ ಹಳ್ಳಿಹಳ್ಳಿಯಲ್ಲಿದ್ದಾರೆ. ಅದೇ ಹೊತ್ತಿಗೆ ರಾಷ್ಟ್ರೀಯ ವಸ್ತು ಸಂಗ್ರಹಾಲಯದಲ್ಲಿದ್ದ ಅಲ್ ಸಬಾಹ್ ಸಂಗ್ರಹವನ್ನೂ ಪೆಟ್ಟಿಗೆಗಳಲ್ಲಿ ತುಂಬಿ ಬಾಗ್ದಾದಿಗೆ ಒಯ್ದರು. ಕಟ್ಟಡಕ್ಕೆ ಬೆಂಕಿ ಬಿತ್ತು. ಮೊರಾಕ್ಕೊದ ಫೆಜ್ ನಗರದಿಂದ ತಂದಿದ್ದ 14ನೇ ಶತಮಾನದ ಭಾರೀ ಮರದ ಬಾಗಿಲುಗಳು ಸುಟ್ಟು ಬೂದಿಯಾದವು. ಪ್ರದರ್ಶನಕ್ಕೆಂದು ಲೆನಿನ್‌ಗ್ರಾಡಿಗೆ ಹೋಗಿದ್ದ ನೂರರಷ್ಟು ವಸ್ತುಗಳು ಮಾತ್ರ ಹೊರಗಿದ್ದು ಪಾರಾದವು.

1991ರ ಫೆಬ್ರವರಿಯಲ್ಲಿ ಕುವೈತ್ ಬಿಡುಗಡೆಯಾಯಿತು. ವಿಶ್ವಸಂಸ್ಥೆಯ ಉಸ್ತುವಾರಿಯಲ್ಲಿ ಪೆಟ್ಟಿಗೆಗಳು ಮರಳಿದವು. ಬಹುಪಾಲು ವಸ್ತುಗಳು ಬಂದವು, ಕೆಲವು ಒಡೆದು ಬಂದವು, ಕೆಲವು ಬರಲೇ ಇಲ್ಲ. ಬಂದದ್ದೆಷ್ಟು, ಬಾರದ್ದೆಷ್ಟು ಎಂದು ಹೇಳಲು ಸಾಧ್ಯವಾದದ್ದು ಹೇಗೆ? ಪ್ರತಿಯೊಂದಕ್ಕೂ ದಾಖಲೆ ಇದ್ದುದರಿಂದ. ದಾಖಲೆ ಇಲ್ಲದ ವಸ್ತು ಕಳೆದುಹೋದರೆ ಅದು ಕಳೆದುಹೋಯಿತೆಂದು ಹೇಳುವವರೂ ಇರುವುದಿಲ್ಲ.

ಸನದ್ ಇಲ್ಲದ ಸೀಸೆ

ಊರಿಗೆ ಮರಳುವ ಎರಡು ದಿನ ಮೊದಲು ಹಳೆಯ ಸಾಮಾನು ಮಾರುವ ಒಂದು ಅಂಗಡಿಗೆ ಹೋಗಿದ್ದೆವು. ನಮ್ಮ ಆಸಕ್ತಿ ಕಂಡ ಅಂಗಡಿಯಾತ ಒಳಗಿನಿಂದ ಹತ್ತಿಯಲ್ಲಿ ಸುತ್ತಿದ ಒಂದು ಸೀಸೆ ತಂದ. ಬೆನ್ನ ಮೇಲೆ ಸೀಸೆ ಹೊತ್ತ ಪ್ರಾಣಿ! ಮೈ ಮೇಲೆ ನವಿಲುಗರಿಯ ಹೊಳಪು. ‘ಸಿರಿಯಾದ್ದು, ಬಹಳ ಹಳೆಯದು’ ಎಂದ.

ತಮ್ಮನ ಹೆಂಡತಿಯ ಕಣ್ಣರಳಿತು. ‘ಅಕ್ಕಾ, ನಿಮಗೆ ನೆನಪಿಗೆ ನಾವು ಕೊಡಿಸುತ್ತೇವೆ’ ಎಂದಳು.

ನಾನು ಅರಬಿಯಲ್ಲಿ ಅವನನ್ನು ಕೇಳಿದೆ, ‘ಇದು ನಿಮ್ಮ ಕೈಗೆ ಯಾರಿಂದ ಬಂತು?’

‘ಒಬ್ಬರು ತಂದುಕೊಟ್ಟರು.’

‘ಅವರಿಗೆ ಯಾರಿಂದ ಬಂತು? ಯಾವ ಊರಲ್ಲಿ ಸಿಕ್ಕಿತು? ಕಾಗದ ಇದೆಯೇ?’

ಅವನು ನಕ್ಕು, ‘ಉಸ್ತಾದರ ಮನೆಯವರಿರಬೇಕು’ ಎಂದು ಸೀಸೆಯನ್ನು ಮತ್ತೆ ಹತ್ತಿಯಲ್ಲಿ ಸುತ್ತಿದ.

ಮದ್ರಸದಲ್ಲಿ ಕಲಿತವರಿಗೆ ಈ ಪ್ರಶ್ನೆ ಹೊಸದಲ್ಲ. ಒಂದು ಮಾತು ಎಷ್ಟೇ ಸುಂದರವಾಗಿದ್ದರೂ ಯಾರು ಯಾರಿಂದ ಕೇಳಿದರು ಎಂಬ ಸನದ್ ಇಲ್ಲದಿದ್ದರೆ ಅದನ್ನು ಹದೀಸ್ ಎಂದು ಒಪ್ಪುವುದಿಲ್ಲ. ಸರಪಳಿಯ ಒಂದು ಕೊಂಡಿ ಕಳಚಿದರೂ ವಿದ್ವಾಂಸರು ತಡೆದು ನಿಲ್ಲಿಸುತ್ತಾರೆ. ಹಳೆಯ ವಸ್ತುವಿಗೂ ಸನದ್ ಬೇಕು.

ಆ ಸೀಸೆ ನಕಲಿಯಾಗಿದ್ದರೆ ಹೋದದ್ದು ದುಡ್ಡು ಮಾತ್ರ. ಮಣ್ಣಿನಲ್ಲಿ ನೂರಾರು ವರ್ಷ ಇದ್ದ ಗಾಜಿನ ಮೇಲ್ಮೈ ಪದರ ಪದರವಾಗಿ ಸವೆದು ಕಾಮನಬಿಲ್ಲಿನ ಬಣ್ಣ ಬರುತ್ತದೆ. ಅದನ್ನೇ ಆಸಿಡ್ ಹಾಕಿ ಬರಿಸುವವರೂ ಇದ್ದಾರೆ. ಆದರೆ ಅದು ಅಸಲಿಯಾಗಿದ್ದರೆ? ಆಗಲೇ ವಿಷಯ ಗಂಭೀರವಾಗುವುದು.

ಸಿರಿಯಾದಲ್ಲಿ ರಕ್ಕಾ ಎಂಬ ಊರಿದೆ. ಖಲೀಫ ಹಾರೂನ್ ರಶೀದ್ 796ರಿಂದ 808ರವರೆಗೆ ಬಾಗ್ದಾದ್ ಬಿಟ್ಟು ಅಲ್ಲಿ ನೆಲೆಸಿದ್ದರು. ಅಲ್ಲಿ ‘ತಲ್ ಝುಜಾಜ್’ ಎಂಬ ದಿಬ್ಬವಿದೆ. ಗಾಜಿನ ದಿಬ್ಬ ಎಂದರ್ಥ. ಸೂರಃ ಅನ್ನೂರಿನಲ್ಲಿ ದೀಪದ ಗಾಜಿಗೆ ಬಳಸಿರುವುದು ಇದೇ ಪದ. ಅಗೆದು ನೋಡಿದಾಗ ಅಲ್ಲಿ ಗಾಜಿನ ಕಾರ್ಖಾನೆಗಳ ಕುರುಹು ಸಿಕ್ಕಿತು. ಊರಿನ ಹೆಸರೇ ಸಾವಿರ ವರ್ಷದ ಕಸುಬಿನ ನೆನಪನ್ನು ಉಳಿಸಿಕೊಂಡಿತ್ತು. ಅಂಥ ರಕ್ಕಾ 2014ರಿಂದ 2017ರವರೆಗೆ ಐಸಿಸ್ ಉಗ್ರರ ಹಿಡಿತದಲ್ಲಿತ್ತು. ಯುದ್ಧದ ವರ್ಷಗಳಲ್ಲಿ ಅಲ್ಲಿನ ವಸ್ತು ಸಂಗ್ರಹಾಲಯ ಲೂಟಿಯಾಯಿತು. ಸಿರಿಯಾದ ಉದ್ದಗಲಕ್ಕೂ ಪ್ರಾಚೀನ ನೆಲೆಗಳನ್ನು ರಾತ್ರೋರಾತ್ರಿ ಅಗೆದು ಸಿಕ್ಕಿದ್ದನ್ನು ಗಡಿಯಾಚೆ ಮಾರಿದರು. 2015ರ ಫೆಬ್ರವರಿಯಲ್ಲಿ ವಿಶ್ವಸಂಸ್ಥೆಯ ಭದ್ರತಾ ಮಂಡಳಿ 2199ನೇ ನಿರ್ಣಯದ ಮೂಲಕ ಇಂಥ ವಸ್ತುಗಳ ವ್ಯಾಪಾರವನ್ನು ನಿಷೇಧಿಸಬೇಕಾಯಿತು. ಅಷ್ಟೇಕೆ, ಪುರಾತನ ವಸ್ತುಗಳನ್ನು ದೇಶದಿಂದ ಸಾಗಿಸುವುದಕ್ಕೆ ಸಿರಿಯಾ 1963ರಲ್ಲೇ ಕಾನೂನಿನ ತಡೆ ಹಾಕಿತ್ತು.

ಕಳವು ಮಾಲಿನಿಂದ ಆಗುವ ನಷ್ಟ ಬರೀ ಆ ದೇಶದ್ದಲ್ಲ, ಇಲ್ಮಿನ ನಷ್ಟವೂ ಹೌದು. ಸೀಸೆ ಮನೆಯಲ್ಲಿ ಸಿಕ್ಕಿತೇ, ಗೋರಿಯಲ್ಲಿ ಸಿಕ್ಕಿತೇ? ಪಕ್ಕದಲ್ಲಿ ಏನಿತ್ತು? ಹೆಣ್ಣುಮಗಳ ಪೆಟ್ಟಿಗೆಯಲ್ಲಿತ್ತೇ, ವೈದ್ಯನ ಬಳಿಯಿತ್ತೇ? ಮಣ್ಣಿನಿಂದ ಕಿತ್ತ ಕ್ಷಣಕ್ಕೆ ಈ ಎಲ್ಲ ಉತ್ತರಗಳೂ ಹೋಗುತ್ತವೆ. ಇಂದು ಲೋಕದ ದೊಡ್ಡ ದೊಡ್ಡ ವಸ್ತು ಸಂಗ್ರಹಾಲಯಗಳಲ್ಲಿರುವ ಇಂಥ ಸೀಸೆಗಳ ಕೆಳಗೂ ಎಷ್ಟೋ ಬಾರಿ ‘ಬಹುಶಃ ಸಿರಿಯಾ’ ಎಂದಷ್ಟೇ ಬರೆದಿರುತ್ತದೆ. ಆ ‘ಬಹುಶಃ’ ಎಂಬ ಪದದೊಳಗೆ ಒಂದು ಮನೆಯ, ಒಬ್ಬಳು ತಾಯಿಯ ಇಡೀ ಕಥೆ ಮುಚ್ಚಿಹೋಗಿದೆ.

ಅಮಾನತ್ತನ್ನು ಅದರ ಹಕ್ಕುದಾರರಿಗೆ ಒಪ್ಪಿಸಬೇಕೆಂದು ಕಲಿತವರು ನಾವು. ಕೊಳ್ಳುವವರಿಲ್ಲದಿದ್ದರೆ ಅಗೆಯುವವರಿರುವುದಿಲ್ಲ. ಹಳೆಯ ವಸ್ತು ಸಂಗ್ರಹಿಸುವುದು ಒಳ್ಳೆಯ ಹವ್ಯಾಸ. ಆದರೆ ಬೆಲೆ ಎಷ್ಟು ಎಂದು ಕೇಳುವ ಮೊದಲು ಎಲ್ಲಿಂದ ಬಂತು ಎಂದು ಕೇಳಬೇಕು.

ನಮ್ಮ ಕಪಾಟುಗಳಲ್ಲಿ

ನಮ್ಮ ದೇಶದಲ್ಲೂ 1972ರ ಪುರಾತನ ವಸ್ತು ಮತ್ತು ಕಲಾನಿಧಿ ಕಾಯ್ದೆ ಇದೆ. ನೂರು ವರ್ಷ ದಾಟಿದ ಇಂಥ ವಸ್ತುವನ್ನು ಪರವಾನಿಗೆ ಇಲ್ಲದೆ ವ್ಯಾಪಾರ ಮಾಡುವಂತಿಲ್ಲ, ಖಾಸಗಿಯವರು ಹೊರದೇಶಕ್ಕೆ ಸಾಗಿಸುವಂತಿಲ್ಲ. ನಮ್ಮ ಬಹಳಷ್ಟು ಮನೆಗಳಲ್ಲಿ ಅಷ್ಟು ಹಳೆಯದೇನೂ ಇರಲಾರದು. ಆದರೆ ಅಜ್ಜಿಯ ಸುರ್ಮಾದ ಸೀಸೆ ಇರುತ್ತದೆ. ಹಜ್ಜಿನಿಂದ ಯಾರೋ ತಂದ ಅತ್ತರಿನ ಕುಪ್ಪಿ ಇರುತ್ತದೆ. ಮೂಲೆಯಲ್ಲಿ ಗೋಲಿ ಸೋಡಾದ ಬಾಟಲಿ, ಮದುವೆಯಲ್ಲಿ ಬಳಸಿದ ಪನ್ನೀರುದಾನಿ ಇರುತ್ತದೆ. ಮನೆ ಬದಲಿಸುವಾಗ ಇವೆಲ್ಲ ಗುಜರಿಯವನ ಚೀಲ ಸೇರುತ್ತವೆ.

ಕೊಡುವ ಮೊದಲು ಒಮ್ಮೆ ಕೈಗೆ ತೆಗೆದುಕೊಳ್ಳಿ. ಅಜ್ಜಿ ಬದುಕಿದ್ದರೆ ಕೇಳಿ. ಇದು ಯಾರದು, ಯಾವ ವರ್ಷ ಬಂತು, ಯಾರು ತಂದರು, ಇದರಲ್ಲಿ ಏನಿತ್ತು? ಮಗಳ ಕೈಯಲ್ಲಿ ಒಂದು ಚೀಟಿಯಲ್ಲಿ ಬರೆಸಿ ಸೀಸೆಯ ಜೊತೆಗೇ ಇಡಿ. ಅದಕ್ಕೆ ಹಣ ಬೇಕಿಲ್ಲ, ಐದು ನಿಮಿಷ ಸಾಕು. ನಮ್ಮ ಹೆಂಗಸರ ಚರಿತ್ರೆಯನ್ನು ಬೇರೆ ಯಾರೂ ಬರೆದಿಟ್ಟಿಲ್ಲ. ಅವರು ದಿನವೂ ಮುಟ್ಟಿದ ಇಂಥ ಪುಟ್ಟ ವಸ್ತುಗಳಲ್ಲೇ ಅದು ಉಳಿದಿದೆ. ನಾಳೆ ನಮ್ಮ ಮೊಮ್ಮಕ್ಕಳು ಆ ಸೀಸೆಯನ್ನು ಎತ್ತಿಕೊಂಡಾಗ ‘ಬಹುಶಃ’ ಎನ್ನಬೇಕಾಗಿ ಬರದಿರಲಿ. ಇದು ಇಂಥವರಿಂದ ಇಂಥವರಿಗೆ, ಅವರಿಂದ ನಮಗೆ ಬಂತು ಎಂದು ಹೇಳುವಂತಾಗಲಿ, ಇನ್‌ಶಾ ಅಲ್ಲಾಹ್.